ಸಾಫ್ಟ್‌ವೇರ್ ಕ್ಷೇತ್ರಕ್ಕೆ ಬಾಗಿಲು ಒಂದೇ ಅಲ್ಲ

(ಇಂಡಿ, ಸಿಂದಗಿ, ಮುದ್ದೇಬಿಹಾಳ ಮತ್ತು ಬಸವನಬಾಗೇವಾಡಿಯ ಪಾಲಕರು, ವಿದ್ಯಾರ್ಥಿಗಳ ಸಭೆಯಲ್ಲಿ ಮಾಡಿದ ಭಾಷಣ)



ಸಾಫ್ಟ್‌ವೇರ್ ಎಂದೊಡನೆ ನಮ್ಮ ಪಾಲಕರಿಂದ ಎರಡು ಮಾತು ಕೇಳಿಬರುತ್ತವೆ. ‘ಅದು ಗಣಿತದಲ್ಲಿ ಜಾಣರಾದವರಿಗೆ’ ಎಂಬುದು ಒಂದು. ‘ಅದು ಬೆಂಗಳೂರಿನವರಿಗೆ’ ಎಂಬುದು ಇನ್ನೊಂದು. ಈ ಎರಡು ಮಾತುಗಳಿಂದಾಗಿ ಎಷ್ಟೋ ಮಕ್ಕಳ, ವಿಶೇಷವಾಗಿ ಹೆಣ್ಣುಮಕ್ಕಳ ಓದು ಪಿಯುಸಿಗೇ ನಿಂತುಹೋಗುತ್ತದೆ.

ಇಂಡಿಯ ನಿಂಬೆ ವ್ಯಾಪಾರಕ್ಕೆ ಒಂದು ತಂತ್ರಾಂಶ ಬೇಕಾಗಿದೆ ಎಂದು ಭಾವಿಸಿರಿ. ಮೊದಲು ಒಬ್ಬರು ರೈತರನ್ನೂ ದಲಾಲರನ್ನೂ ಕಂಡು ಅವರ ಅಗತ್ಯಗಳನ್ನು ಬರೆದುಕೊಳ್ಳಬೇಕು. ಇಲ್ಲಿ ನಿಂಬೆ ಮಾರಾಟವಾಗುವುದು ಡಾಗಿನ ಲೆಕ್ಕದಲ್ಲಿ, ಕಾಯಿಗಳ ಎಣಿಕೆಯ ಮೇಲೆ. ಇದನ್ನರಿಯದೆ ಕಿಲೋ ಲೆಕ್ಕದಲ್ಲಿ ರಚಿಸಿದ ತಂತ್ರಾಂಶ ಮೊದಲ ದಿನವೇ ನಿರುಪಯುಕ್ತವಾಗುವುದು. ಹೀಗೆ ಅಗತ್ಯ ಅರಿಯುವವರೇ ಬಿಸಿನೆಸ್ ಅನಲಿಸ್ಟ್. ಬಳಿಕ ಪರದೆಯನ್ನು ರೂಪಿಸುವ ಡಿಸೈನರ್, ಪ್ರೋಗ್ರಾಂ ಬರೆಯುವ ಡೆವಲಪರ್, ದೋಷ ಹುಡುಕುವ ಟೆಸ್ಟರ್, ಕೈಪಿಡಿ ಬರೆಯುವ ಟೆಕ್ನಿಕಲ್ ರೈಟರ್, ಸರ್ವರ್ ನೋಡಿಕೊಳ್ಳುವವರು, ಬಳಕೆದಾರರ ತೊಂದರೆ ಪರಿಹರಿಸುವ ಸಪೋರ್ಟ್ ಸಿಬ್ಬಂದಿ ಬರುತ್ತಾರೆ. ಯಾವ ಸೌಲಭ್ಯ ಮೊದಲು ಬೇಕು, ಹಳೆಯದನ್ನು ಯಾವಾಗ ನಿಲ್ಲಿಸಬೇಕು ಎಂದು ನಿರ್ಧರಿಸುವವರು ಪ್ರಾಡಕ್ಟ್ ಮ್ಯಾನೇಜರ್. ಇವರೆಲ್ಲರೂ ದಿನವಿಡೀ ಪ್ರೋಗ್ರಾಂ ಬರೆಯುವವರಲ್ಲ. ಜನರ ಮಾತನ್ನು ತಾಳ್ಮೆಯಿಂದ ಕೇಳುವವರಿಗೂ ಸ್ಪಷ್ಟವಾಗಿ ಬರೆಯುವವರಿಗೂ ಇಲ್ಲಿ ಸ್ಥಾನವಿದೆ. ಇಂದು ಕೃತಕ ಬುದ್ಧಿಮತ್ತೆಯೂ ಪ್ರೋಗ್ರಾಂ ಬರೆಯುತ್ತಿದೆ. ಆದರೆ ಡಾಗಿನ ಲೆಕ್ಕವನ್ನು ಮಾರುಕಟ್ಟೆಗೆ ಹೋಗಿ ತಿಳಿದುಕೊಂಡು ಬರುವವನು ಮನುಷ್ಯನೇ.

ಟೆಸ್ಟರನ ಕೆಲಸವಂತೂ ಒಂದು ಅಮಾನತ್ತು. ಯಾರ ಒತ್ತಡಕ್ಕೂ ಮಣಿಯದೆ ದೋಷವನ್ನು ದೋಷವೆಂದೇ ಹೇಳಬೇಕು. ಪ್ರಾಮಾಣಿಕತೆಯೇ ಇಲ್ಲಿ ಅರ್ಹತೆ.

ಆಲ್ಗಾರಿದಮ್ ಎಂಬ ಪದವು 9ನೇ ಶತಮಾನದಲ್ಲಿ ಬಾಗ್ದಾದಿನಲ್ಲಿದ್ದ ವಿದ್ವಾಂಸ ಅಲ್ ಖ್ವಾರಿಝ್ಮಿಯ ಹೆಸರಿನಿಂದ ಬಂದುದು. ಆದರೆ ಪೂರ್ವಿಕರ ಹೆಸರು ಹೇಳಿಕೊಂಡರೆ ನಮಗೆ ಉದ್ಯೋಗ ದೊರೆಯದು. 2001ರ ಜನಗಣತಿಯಂತೆ ದೇಶದ ಸಾಕ್ಷರತೆ ಶೇ. 65.1 ಇದ್ದಾಗ ಮುಸ್ಲಿಮರದು ಶೇ. 59.1 ಮಾತ್ರವೆಂದು 2006ರಲ್ಲಿ ಸಾಚಾರ್ ಸಮಿತಿ ತೋರಿಸಿತು. 2022ರಲ್ಲಿ ಕೇಂದ್ರ ಸರಕಾರವು ಅಲ್ಪಸಂಖ್ಯಾತರ ಮೆಟ್ರಿಕ್ ಪೂರ್ವ ವಿದ್ಯಾರ್ಥಿವೇತನವನ್ನು 9 ಮತ್ತು 10ನೇ ತರಗತಿಗೆ ಸೀಮಿತಗೊಳಿಸಿತು. ಈ ಅನ್ಯಾಯವನ್ನು ಪ್ರಶ್ನಿಸೋಣ. ಆದರೆ ಮದುವೆಗೆ ಲಕ್ಷಗಟ್ಟಲೆ ವ್ಯಯಿಸಿ, ಮಗಳ ಕಾಲೇಜು ಶುಲ್ಕಕ್ಕೆ ಹಣವಿಲ್ಲ ಎನ್ನುವ ನಮ್ಮನ್ನು ಯಾರು ಪ್ರಶ್ನಿಸಬೇಕು?

ಎಸ್ಸೆಸ್ಸೆಲ್ಸಿಯ ಬಳಿಕ ಪಾಲಿಟೆಕ್ನಿಕ್ ಡಿಪ್ಲೊಮಾ ಇದೆ. ಅದನ್ನು ಮುಗಿಸಿದವರು ಎಂಜಿನಿಯರಿಂಗ್‌ನ ಎರಡನೇ ವರ್ಷಕ್ಕೆ ನೇರವಾಗಿ ಸೇರಬಹುದು. ಪಿಯುಸಿಯ ಬಳಿಕ ಬಿಸಿಎ ಇದೆ. ವಿಜಯಪುರದಲ್ಲೇ ಎಂಜಿನಿಯರಿಂಗ್ ಕಾಲೇಜುಗಳಿವೆ. ಹಣ ಕೊಟ್ಟರೆ ಕೆಲಸ ಖಚಿತ ಎನ್ನುವ ಮಧ್ಯವರ್ತಿಗಳನ್ನು ಮಾತ್ರ ನಂಬದಿರಿ.

ಇಂದು ಮನೆಗೆ ಹೋದ ಮೇಲೆ ಮಗನನ್ನೂ ಮಗಳನ್ನೂ ಜೊತೆಗೆ ಕೂರಿಸಿಕೊಂಡು, ‘ಇದರಲ್ಲಿ ನಿನಗೆ ಒಪ್ಪುವ ಕೆಲಸ ಯಾವುದು?’ ಎಂದು ಕೇಳಿರಿ. ಇಬ್ಬರನ್ನೂ ಕೇಳಿರಿ.

ಅಲ್ಲಾಹನು ನಮ್ಮ ಮಕ್ಕಳಿಗೆ ಪ್ರಯೋಜನಕಾರಿ ಜ್ಞಾನವನ್ನು ದಯಪಾಲಿಸಲಿ. ಆಮೀನ್.