ಬೆತ್ತಲೆ ದೃಶ್ಯ: ನಿರ್ಧಾರ ಯಾರದು?

ಕಳೆದ ವಾರ ಕೆ.ಬಿ. ಬಡಾವಣೆಯ ನಮ್ಮ ಸಂಘದಲ್ಲಿ ಉಳಿತಾಯದ ಹಣ ಎಣಿಸುತ್ತಿರುವಾಗ ದೊಡ್ಡ ಚರ್ಚೆಯೇ ನಡೆಯಿತು. ಮೊಬೈಲಿನಲ್ಲಿ ಬರುವ ಧಾರಾವಾಹಿಗಳಲ್ಲಿ ನಟಿಯರು ಬೆತ್ತಲಾಗುವುದು ನಾಚಿಕೆಗೇಡು ಎಂದರು ಹಿರಿಯರೊಬ್ಬರು. ಅದು ಅವಳ ಮೈ, ಅವಳ ಸ್ವಾತಂತ್ರ್ಯ ಎಂದಳು ಕಾಲೇಜಿಗೆ ಹೋಗುವ ಹುಡುಗಿ. ನಾನು ಇಬ್ಬರಿಗೂ ಒಂದೇ ಪ್ರಶ್ನೆ ಕೇಳಿದೆ: ನಿರ್ಧಾರ ಯಾರದು?

ಅಕ್ಕಮಹಾದೇವಿ ಉಡುಗೆಯನ್ನೂ ಅರಮನೆಯನ್ನೂ ತೊರೆದು ಹೊರಟಿದ್ದು ಸ್ವಂತ ನಿರ್ಧಾರದಿಂದ. ದ್ರೌಪದಿಯ ಸೀರೆಗೆ ಕೈ ಹಾಕಿದವರು ಬೇರೆಯವರು. ಎರಡೂ ಒಂದೇ ಅಲ್ಲವೆಂದು ನಮಗೆಲ್ಲ ಗೊತ್ತು.

1994ರ 'ಬ್ಯಾಂಡಿಟ್ ಕ್ವೀನ್' ಚಿತ್ರದಲ್ಲಿ ಶೇಖರ್ ಕಪೂರ್ ಅವರು ಫೂಲನ್ ದೇವಿಯ ಮೇಲಿನ ಅತ್ಯಾಚಾರವನ್ನೂ ಆಕೆಯನ್ನು ಊರೆದುರು ಬೆತ್ತಲೆ ನಡೆಸಿದ್ದನ್ನೂ ತೋರಿಸಿದರು. ಆ ದೃಶ್ಯ ಕಾಮ ಕೆರಳಿಸುವುದಿಲ್ಲ, ಮರುಕ ಹುಟ್ಟಿಸುತ್ತದೆ ಎಂದು 1996ರಲ್ಲಿ ಸುಪ್ರೀಂ ಕೋರ್ಟ್ ಪ್ರದರ್ಶನಕ್ಕೆ ಒಪ್ಪಿತು. ಆದರೆ ಅದಕ್ಕೂ ಮೊದಲೇ ಫೂಲನ್ ದೇವಿ ಚಿತ್ರವನ್ನು ವಿರೋಧಿಸಿ ಕೋರ್ಟಿಗೆ ಹೋಗಿದ್ದರು. ನೋವು ತಿಂದವಳ ಕತೆ ಬೇಕು, ಅವಳು 'ಬೇಡ' ಎಂದ ಮಾತು ಬೇಡವೇ?

ನಟಿಯ ಒಪ್ಪಿಗೆಯನ್ನೂ ಹೀಗೆಯೇ ನೋಡಬೇಕು. ಪಾತ್ರ ಕೈತಪ್ಪೀತೆಂದು ಹೆದರಿ ತಲೆಯಾಡಿಸಿದರೆ ಅದು ಒಪ್ಪಿಗೆಯಾದೀತೇ? ಅಮೆರಿಕದ ಎಚ್‌ಬಿಒ ವಾಹಿನಿ 2018ರಲ್ಲಿ ಒಂದು ನಿಯಮ ಮಾಡಿತು. ಅದರ ಧಾರಾವಾಹಿಗಳಲ್ಲಿ ಇಂಥ ದೃಶ್ಯ ತೆಗೆಯುವಾಗ, ನಟಿ ಯಾವುದಕ್ಕೆ ಒಪ್ಪಿದ್ದಾಳೆ, ಯಾವುದಕ್ಕೆ ಇಲ್ಲ ಎಂದು ಮೊದಲೇ ಕೇಳಿ, ಅದರಂತೆಯೇ ನಡೆಸುವವರೊಬ್ಬರು ಜೊತೆಗಿರಬೇಕು. ಕೇಳಬೇಕೆಂಬ ಮನಸ್ಸಿದ್ದರೆ ಕೇಳಬಹುದು.

ಈ ಪ್ರಶ್ನೆ ನಮ್ಮ ಮನೆಯೊಳಗೂ ಬರಲಿ. ಅಂದಿನ ಚರ್ಚೆ ಮುಗಿದ ಮೇಲೆ ಒಬ್ಬಳು ಹಿಂದೆ ಉಳಿದಳು. ಗಂಡ ಅವಳಿಗೆ ತಿಳಿಯದಂತೆ ಫೋಟೋ ತೆಗೆದಿದ್ದಾನೆ. ತವರಿನಿಂದ ಹಣ ತಾರದಿದ್ದರೆ ಎಲ್ಲರಿಗೂ ಕಳಿಸುತ್ತೇನೆ ಎನ್ನುತ್ತಾನೆ. 'ಹೇಳಿದರೆ ನನ್ನ ಮಾನವೇ ಹೋಗುತ್ತದಲ್ಲ ಅಕ್ಕಾ' ಎಂದು ಆರು ತಿಂಗಳು ಬಾಯಿ ಮುಚ್ಚಿಕೊಂಡಿದ್ದಳು.

2005ರ ಕೌಟುಂಬಿಕ ಹಿಂಸೆ ತಡೆ ಕಾಯ್ದೆಯ ಪ್ರಕಾರ ಹೆಣ್ಣಿನ ಘನತೆಗೆ ಕುಂದು ತರುವ ಲೈಂಗಿಕ ನಡತೆಯೂ ವರದಕ್ಷಿಣೆಗಾಗಿ ಪೀಡಿಸುವುದೂ ಹಿಂಸೆಯೇ. ಒಪ್ಪಿಗೆಯಿಲ್ಲದೆ ಅಂಥ ಚಿತ್ರ ತೆಗೆಯುವುದೂ ಹಂಚುವುದೂ ಅಪರಾಧ. ಮಹಿಳಾ ಸಹಾಯವಾಣಿಯ ಸಂಖ್ಯೆ 181. ಅವಳ ಜೊತೆ ಕುಳಿತು ನಾವೇ ಕರೆ ಮಾಡಿದೆವು.

ಧಾರಾವಾಹಿಯ ನಟಿಯನ್ನು ಬೈಯುವ ಮುನ್ನ, ಹೊಗಳುವ ಮುನ್ನ, ಅವಳನ್ನು ಯಾರಾದರೂ ಕೇಳಿದರೇ ಎಂದು ಯೋಚಿಸೋಣ. ನಮ್ಮ ಪಕ್ಕದಲ್ಲಿ ಕುಳಿತವಳನ್ನೂ ಕೇಳೋಣ.