ಮರಳುಗಾಡಿನ ಬಿಡಾರಕ್ಕೆ ಬಿಸಿಲಿನ ಕರೆಂಟು



ನವೆಂಬರ್ ಅರ್ಧ ಕಳೆಯಿತೆಂದರೆ ಕುವೈತ್‌ನ ಜನ ಗೋಡೆ ಬಿಟ್ಟು ಬಯಲಿಗೆ ಹೊರಡುತ್ತಾರೆ. ಸಾಮಾನ್ಯವಾಗಿ ನವೆಂಬರ್ 15ರಿಂದ ಮಾರ್ಚ್ 15ರವರೆಗೆ ಅಲ್ಲಿ ಡೇರೆಗಳ ಕಾಲ. ಜಾಗ ಗುರುತಿಸಿ ಪರವಾನಗಿ ಕೊಡುವುದು ಕುವೈತ್ ಪುರಸಭೆಯ ಕೆಲಸ. ರಾಜಧಾನಿಯ ಪಶ್ಚಿಮಕ್ಕೆ, ಜಹ್ರಾ ಪ್ರಾಂತ್ಯದಲ್ಲಿ ಸುಲೈಬಿಯಾ ಇದೆ. ತರಕಾರಿ ತೋಟಗಳು, ಸಗಟು ಹಣ್ಣು–ತರಕಾರಿ ಮಾರುಕಟ್ಟೆ, ಕಾರ್ಖಾನೆ ಶೆಡ್ಡುಗಳು ಒಂದರ ಪಕ್ಕ ಒಂದಿರುವ ಊರು. ಅದನ್ನು ದಾಟಿ ಪಶ್ಚಿಮಕ್ಕೆ ಹೋದಂತೆ ಕಟ್ಟಡಗಳು ವಿರಳವಾಗಿ, ಕಣ್ಣು ಹಾಯುವವರೆಗೂ ಬಯಲು ತೆರೆದುಕೊಳ್ಳುತ್ತದೆ. ಗುರುವಾರ ಸಂಜೆ ಕಾರಿಗೆ ಚಾಪೆ, ಪಾತ್ರೆ, ಹೊದಿಕೆ ತುಂಬಿ ಆ ಬಯಲಿಗೆ ಹೊರಡುವವರಲ್ಲಿ ಅಲ್ಲಿ ದುಡಿಯುವ ಕನ್ನಡದ ಕುಟುಂಬಗಳೂ ಇವೆ.

ಇಂಥ ಬಿಡಾರಗಳಿಗೆ ಬಹುಕಾಲದಿಂದ ಬೆಳಕು ಕೊಟ್ಟದ್ದು ಜನರೇಟರ್. ಅದರ ಸದ್ದು ಮತ್ತು ಹೊಗೆಯಿಂದ ಬಿಡುಗಡೆ ಬೇಕೆನ್ನುವವರು ಈಗ ಮಡಚುವ ಸೌರ ಫಲಕವನ್ನೂ ಲಿಥಿಯಂ ಬ್ಯಾಟರಿಯ ಪೆಟ್ಟಿಗೆಯನ್ನೂ ಒಯ್ಯುತ್ತಾರೆ. ಬಿಸಿಲಿಗೆ ಬರವಿಲ್ಲದ ನಾಡು, ಇನ್ನೇನು ಚಿಂತೆ ಎಂದುಕೊಂಡು ಹೋದವರಿಗೆ ರಾತ್ರಿ ಒಂಬತ್ತಕ್ಕೇ ಬ್ಯಾಟರಿ ಕೈಕೊಡುವುದುಂಟು. ಬಿಸಿಲು ಬೇಕಾದಷ್ಟಿದ್ದರೂ ಫಲಕದಿಂದ ದೀಪದವರೆಗಿನ ದಾರಿಯಲ್ಲಿ ಅದು ಸೋರಿಹೋಗುತ್ತದೆ. ಆ ಸೋರಿಕೆ ತಡೆದರೆ ಇರುವ ಫಲಕವೇ ಸಾಕಾಗುತ್ತದೆ, ದೊಡ್ಡದನ್ನು ಕೊಳ್ಳಬೇಕಾಗುವುದಿಲ್ಲ.

ಸುಲೈಬಿಯಾಕ್ಕೂ ಸೌರ ವಿದ್ಯುತ್ತಿಗೂ ಹಳೆಯ ನಂಟಿದೆ. ಕುವೈತ್ ವೈಜ್ಞಾನಿಕ ಸಂಶೋಧನಾ ಸಂಸ್ಥೆ ಜರ್ಮನಿಯ ಮೆಸ್ಸರ್‌ಶ್ಮಿಟ್–ಬ್ಯೋಲ್ಕೋ–ಬ್ಲೋಮ್ ಕಂಪನಿಯ ಜೊತೆ ಸೇರಿ 1980ರ ದಶಕದ ಆರಂಭದಲ್ಲಿ ಅಲ್ಲಿ 100 ಕಿಲೋವ್ಯಾಟ್‌ನ ಪ್ರಾಯೋಗಿಕ ಸ್ಥಾವರವೊಂದನ್ನು ಕಟ್ಟಿತು. ತಲಾ ಐದು ಮೀಟರ್ ಅಗಲದ 56 ಬೋಗುಣಿ ಕನ್ನಡಿಗಳು ಸೂರ್ಯನ ಹಿಂದೆಯೇ ತಿರುಗುತ್ತ, ಬಿಸಿಲಿನ ಶಾಖವನ್ನು ಕೂಡಿಸಿ ಟರ್ಬೈನ್ ನಡೆಸುತ್ತಿದ್ದವು. ಇಂಥ ಕನ್ನಡಿಗಳಿಗೆ ಬೇಕಾದದ್ದು ನೇರ ಕಿರಣ ಮಾತ್ರ. ಗಾಳಿಯಲ್ಲಿ ಧೂಳು ತುಂಬಿ ಬೆಳಕು ಚದುರಿದರೆ ಅವು ಸೊರಗುತ್ತವೆ. ಸಿಲಿಕಾನ್ ಫಲಕ ಚದುರಿದ ಬೆಳಕಿನಲ್ಲೂ ಅಷ್ಟಿಷ್ಟು ಕೆಲಸ ಮಾಡುತ್ತದೆ. ಬಿಡಾರಕ್ಕೆ ಅದು ಒಗ್ಗಲು ಇದೂ ಒಂದು ಕಾರಣ.

ಆದರೆ ಗಾಳಿಯ ಧೂಳಿಗಿಂತ ಮೈಮೇಲೆ ಕೂತ ಧೂಳು ಫಲಕಕ್ಕೆ ದೊಡ್ಡ ಶತ್ರು. ಇದನ್ನು ಅಳೆದವರೂ ಕುವೈತ್‌ನಲ್ಲಿದ್ದರು. 1981ರಲ್ಲಿ ಪ್ರಕಟವಾದ ವಕೀಮ್ ಅವರ ಅಧ್ಯಯನದಲ್ಲಿ ಆರೇ ದಿನದ ಮರಳುಧೂಳು ಫಲಕದ ಉತ್ಪಾದನೆಯನ್ನು ಶೇ. 17ರಷ್ಟು ತಗ್ಗಿಸಿತ್ತು. 1985ರಲ್ಲಿ ಸಯೀಘ್ ಮತ್ತು ಸಂಗಡಿಗರು ಗಾಜಿನ ಹಲಗೆಗಳನ್ನು ಬೇರೆ ಬೇರೆ ಓರೆಯಲ್ಲಿ 38 ದಿನ ಬಯಲಲ್ಲಿಟ್ಟ ಪ್ರಯೋಗವನ್ನು ವರದಿ ಮಾಡಿದರು. ಮಟ್ಟಸವಾಗಿ ಮಲಗಿದ್ದ ಗಾಜಿನೊಳಗೆ ಹಾಯುವ ಬೆಳಕು ಶೇ. 64ರಷ್ಟು ಇಳಿದಿತ್ತು. 60 ಡಿಗ್ರಿ ಓರೆಯಲ್ಲಿ ನಿಂತ ಗಾಜಿನಲ್ಲಿ ನಷ್ಟ ಶೇ. 17 ಮಾತ್ರ.

ಬಿಡಾರದಲ್ಲಿ ಇದಕ್ಕೆ ಮದ್ದು ಸುಲಭ. ಸೂರ್ಯ ಮುಳುಗಿದೊಡನೆ ಫಲಕವನ್ನು ಮಡಚಿಡಬೇಕು. ಹೊರಗೇ ಬಿಟ್ಟರೆ ರಾತ್ರಿಯ ಇಬ್ಬನಿ ಧೂಳಿನೊಡನೆ ಕಲೆತು ತೆಳುವಾದ ಕೆಸರಾಗುತ್ತದೆ. ಬೆಳಗಿನ ಬಿಸಿಲಿಗೆ ಅದು ಒಣಗಿ ಗಾಜಿಗೆ ಗಟ್ಟಿಯಾಗಿ ಕಚ್ಚಿಕೊಳ್ಳುತ್ತದೆ. ಮಡಚಿಡುವುದು ಮರೆತುಹೋಗಿದ್ದರೆ ಇಬ್ಬನಿ ಆರುವ ಮೊದಲೇ ಮೆತ್ತನೆಯ ಹತ್ತಿಬಟ್ಟೆಯಿಂದ ಮೇಲಿನಿಂದ ಕೆಳಕ್ಕೆ ಒಂದೇ ಎಳೆತದಲ್ಲಿ ಒರೆಸಬೇಕು. ಬಟ್ಟೆಯ ಮಗ್ಗುಲು ಬದಲಿಸಿ ಇನ್ನೊಂದು ಎಳೆತ. ಒಣ ಧೂಳಾಗಿದ್ದರೆ ಮೊದಲು ಮೆದು ಬ್ರಷ್, ಆಮೇಲೆ ಬಟ್ಟೆ. ಒಣ ಮರಳನ್ನು ಗಸಗಸ ಉಜ್ಜಿದರೆ ಮೇಲ್ಮೈಗೆ ಗೀರು ಬೀಳುತ್ತದೆ, ಆ ಗೀರು ಮತ್ತೆ ಹೋಗುವುದಿಲ್ಲ.

ಓರೆಯ ವಿಷಯದಲ್ಲಿ ಕರ್ನಾಟಕದಿಂದ ಹೋದವರಿಗೆ ಊರಿನ ರೂಢಿಯೇ ದಾರಿ ತಪ್ಪಿಸುತ್ತದೆ. ಬೆಂಗಳೂರು, ಮಂಗಳೂರುಗಳ ತಾರಸಿಯಲ್ಲಿ ಫಲಕ ಸ್ವಲ್ಪವೇ ವಾಲಿರುತ್ತದೆ, ಏಕೆಂದರೆ ಆ ಊರುಗಳು 13 ಡಿಗ್ರಿ ಅಕ್ಷಾಂಶದ ಆಸುಪಾಸಿನಲ್ಲಿವೆ. ಕುವೈತ್ 29 ಡಿಗ್ರಿಯ ಮೇಲಿದೆ. ಡಿಸೆಂಬರ್ 21ರ ನಡುಹಗಲಲ್ಲಿ ಮಂಗಳೂರಿನ ಸೂರ್ಯ ಸುಮಾರು 54 ಡಿಗ್ರಿ ಎತ್ತರಕ್ಕೇರಿದರೆ ಸುಲೈಬಿಯಾದಲ್ಲಿ 37 ಡಿಗ್ರಿಗೇ ನಿಲ್ಲುತ್ತಾನೆ. ಆ ಹೊತ್ತಿನಲ್ಲಿ ಫಲಕವನ್ನು ಮರಳ ಮೇಲೆ ಮಲಗಿಸಿದರೆ ನೇರ ಬಿಸಿಲಿನ ಐದು ಪಾಲಿನಲ್ಲಿ ಎರಡು ಪಾಲು ನಷ್ಟವಾದಂತೆ. ಬಿಡಾರದ ಕಾಲದುದ್ದಕ್ಕೂ ದಕ್ಷಿಣಕ್ಕೆ ಮುಖ ಮಾಡಿ 45ರಿಂದ 50 ಡಿಗ್ರಿ ಓರೆಯಲ್ಲಿ ನಿಲ್ಲಿಸುವುದು ಒಳ್ಳೆಯದು. ಹೀಗೆ ನಿಂತ ಫಲಕದ ಮೇಲೆ ಧೂಳೂ ಕಡಿಮೆ ಕೂರುತ್ತದೆ. ಗಾಳಿಗೆ ಅದು ಮಗುಚದಂತೆ ಕಾಲುಗಳ ಮೇಲೆ ಮರಳು ತುಂಬಿದ ಚೀಲ ಹೇರಬೇಕು.

ಕೋನ ಅಳೆಯಲು ಉಪಕರಣವೇನೂ ಬೇಡ. ಒಂದು ಪೆನ್ಸಿಲನ್ನು ಫಲಕದ ಮೇಲೆ ನೆಟ್ಟಗೆ ಹಿಡಿದು ಅದರ ನೆರಳು ನೋಡಿದರೆ ಸಾಕು. ನೆರಳು ಬಲಕ್ಕೆ ಬಿದ್ದರೆ ಫಲಕವನ್ನು ಎಡಕ್ಕೆ ತಿರುಗಿಸಬೇಕು, ಕೆಳಕ್ಕೆ ಬಿದ್ದರೆ ಇನ್ನಷ್ಟು ಮೇಲ್ಮುಖ ಮಾಡಬೇಕು. ನೆರಳು ಪೆನ್ಸಿಲಿನ ಬುಡದಲ್ಲೇ ಅಡಗಿದರೆ ಫಲಕ ಸೂರ್ಯನಿಗೆ ಎದುರಾಗಿದೆ ಎಂದರ್ಥ. ಬೆಳಗಿನ ಚಹಾ ಹೊತ್ತಿಗೆ ಆಗ್ನೇಯಕ್ಕೆ, ಊಟದ ಹೊತ್ತಿಗೆ ದಕ್ಷಿಣಕ್ಕೆ, ಮಧ್ಯಾಹ್ನ ಇಳಿದಮೇಲೆ ನೈಋತ್ಯಕ್ಕೆ ತಿರುಗಿಸುವ ಕೆಲಸವನ್ನು ಮಕ್ಕಳಿಗೆ ಒಪ್ಪಿಸಬಹುದು.

ಇನ್ನು ನೆರಳು. ಫಲಕದೊಳಗಿನ ಕೋಶಗಳು ಸಾಲಾಗಿ ಒಂದಕ್ಕೊಂದು ಜೋಡಿಸಿಕೊಂಡಿರುತ್ತವೆ. ನೀರಿನ ಕೊಳವೆಯನ್ನು ಒಂದು ಕಡೆ ಹಿಸುಕಿದರೆ ಇಡೀ ಹರಿವು ಕುಗ್ಗುವ ಹಾಗೆ, ಒಂದೇ ಕೋಶಕ್ಕೆ ನೆರಳಾದರೂ ಆ ಸಾಲಿನ ವಿದ್ಯುತ್ತೆಲ್ಲ ಕುಗ್ಗುತ್ತದೆ. ಡೇರೆಯ ಕಂಬ, ಕಾರಿನ ಅಂಚು, ಒಣಗಲು ಹಾಕಿದ ಟವೆಲ್ಲು, ಇವುಗಳಿಂದ ಫಲಕ ದೂರವಿರಲಿ. ದೂರವಿಟ್ಟಾಗ ತಂತಿ ಉದ್ದವಾಗುತ್ತದೆ, ಆಗ ತಂತಿಯ ದಪ್ಪವನ್ನೂ ನೋಡಬೇಕು. 18 ವೋಲ್ಟಿನ 100 ವ್ಯಾಟ್ ಫಲಕಕ್ಕೆ ಹತ್ತು ಮೀಟರ್ ದೂರದವರೆಗೆ ಒಂದು ಚದರ ಮಿಲಿಮೀಟರಿನ ತೆಳು ತಂತಿ ಎಳೆದರೆ ಸುಮಾರು ಎರಡು ವೋಲ್ಟ್ ದಾರಿಯಲ್ಲೇ ಶಾಖವಾಗಿ ಹೋಗುತ್ತದೆ. ಎರಡೂವರೆ ಚದರ ಮಿಲಿಮೀಟರಿನ ತಂತಿಯಲ್ಲಿ ಆ ನಷ್ಟ ಒಂದು ವೋಲ್ಟಿಗಿಂತ ಕಡಿಮೆ.

ಇಷ್ಟು ಜತನ ಮಾಡಿದರೆ ಸಿಗುವುದೆಷ್ಟು? ಚಳಿಗಾಲದ ಸ್ವಚ್ಛ ದಿನದಲ್ಲಿ 100 ವ್ಯಾಟ್ ಫಲಕದಿಂದ ಬ್ಯಾಟರಿಗೆ ಸುಮಾರು 300 ವ್ಯಾಟ್–ಅವರ್ ಎಂದು ಲೆಕ್ಕ ಹಾಕುವುದು ಜಾಣತನ. ಮನೆಯ ಬಿಲ್ಲಿನ ಭಾಷೆಯಲ್ಲಿ ಇದು ಒಂದು ಯೂನಿಟ್‌ನ ಮೂರನೇ ಒಂದು ಭಾಗಕ್ಕಿಂತ ತುಸು ಕಡಿಮೆ. ಐದು ವ್ಯಾಟಿನ ನಾಲ್ಕು ಎಲ್‌ಇಡಿ ದೀಪ ಆರು ಗಂಟೆ ಉರಿದರೆ 120. ಐದು ಮೊಬೈಲುಗಳ ಚಾರ್ಜಿಗೆ 75. ರೇಡಿಯೊ, ಸಣ್ಣ ಸ್ಪೀಕರ್ ಸೇರಿ 30. ಆಮೇಲೂ ಕೈಯಲ್ಲಿ ಒಂದಿಷ್ಟು ಉಳಿಯುತ್ತದೆ. ಅದೇ ಬ್ಯಾಟರಿಗೆ ಸಾವಿರ ವ್ಯಾಟಿನ ಹೀಟರ್ ಜೋಡಿಸಿದರೆ ದಿನವಿಡೀ ಕೂಡಿಟ್ಟದ್ದು 20 ನಿಮಿಷದೊಳಗೆ ಖಾಲಿ. ಶಾಖ ಹುಟ್ಟಿಸುವ ಯಾವುದನ್ನೂ ಸಣ್ಣ ಸೌರ ಬ್ಯಾಟರಿಯಿಂದ ನಡೆಸಬಾರದು. ಚಳಿಗೆ ಹೊದಿಕೆಯೇ ಗತಿ. ಮುಚ್ಚಿದ ಡೇರೆಯೊಳಗೆ ಇದ್ದಿಲು ಉರಿಸಿ ಮಲಗುವುದು ಪ್ರಾಣಕ್ಕೇ ಅಪಾಯ, ಕಾರ್ಬನ್ ಮೊನಾಕ್ಸೈಡ್ ವಾಸನೆಯಿಲ್ಲದೆ ಕೊಲ್ಲುತ್ತದೆ. ಮೊಬೈಲನ್ನು ಇನ್ವರ್ಟರಿನ 230 ವೋಲ್ಟ್ ಪ್ಲಗ್‌ಗೆ ಹಾಕುವ ಬದಲು ಪೆಟ್ಟಿಗೆಯ ಯುಎಸ್‌ಬಿ ಕಿಂಡಿಗೆ ಹಾಕುವುದು ಮೇಲು. ಇನ್ವರ್ಟರ್ ಆರಿಸಿಟ್ಟರೆ ಅದು ಸುಮ್ಮನೆ ಕುಡಿಯುವ ವಿದ್ಯುತ್ತೂ ಉಳಿಯುತ್ತದೆ.

ಮೊದಲು ಅಗತ್ಯವನ್ನು ಎಣಿಸಿ ಆಮೇಲೆ ಫಲಕ ಆರಿಸುವ ಈ ಕ್ರಮ ಕರ್ನಾಟಕಕ್ಕೆ ಹೊಸದೇನಲ್ಲ. ಹರೀಶ್ ಹಂದೆ ಮತ್ತು ನೆವಿಲ್ ವಿಲಿಯಮ್ಸ್ 1995ರಲ್ಲಿ ಕಟ್ಟಿದ ಸೆಲ್ಕೊ ಸಂಸ್ಥೆ ಹಳ್ಳಿಮನೆಗಳಿಗೆ ಎರಡು ದೀಪ, ನಾಲ್ಕು ದೀಪ ಎಂದು ಬೇಕಾದಷ್ಟಕ್ಕೇ ಅಳೆದು ಸೌರವ್ಯವಸ್ಥೆ ಕೂರಿಸಿತು. 2011ರಲ್ಲಿ ಹಂದೆಯವರಿಗೆ ಮ್ಯಾಗ್ಸೆಸೆ ಪ್ರಶಸ್ತಿ ಬಂದದ್ದು ಈ ಕೆಲಸಕ್ಕೇ.

ಬಿಸಿಲು ಫಲಕಕ್ಕೆ ಬೇಕು, ಬ್ಯಾಟರಿಗೆ ಬೇಡ. ಫಲಕ ಹೊರಗೆ ನಿಂತಿರುವಾಗ ಬ್ಯಾಟರಿ ಪೆಟ್ಟಿಗೆ ಡೇರೆಯ ನೆರಳಲ್ಲಿ, ಮರಳಿಗೆ ತಾಗದಂತೆ ಹಲಗೆಯ ಮೇಲಿರಲಿ. ಇತ್ತ ತೀರಾ ತಣ್ಣಗಾದರೂ ತೊಂದರೆಯೇ. ನೀರು ಹೆಪ್ಪುಗಟ್ಟುವಷ್ಟು ಚಳಿ ಇಳಿದ ಬೆಳಗಿನಲ್ಲಿ ಲಿಥಿಯಂ ಬ್ಯಾಟರಿಗೆ ಚಾರ್ಜ್ ಹಾಕಿದರೆ ಒಳಗಿನ ಕೋಶಗಳು ಕೆಡುತ್ತವೆ. ಸ್ವಲ್ಪ ಬೆಚ್ಚಗಾಗುವವರೆಗೆ ಕಾಯಬೇಕು.

ಮಾರ್ಚ್ ಮುಗಿದಮೇಲೆ ಬ್ಯಾಟರಿಯನ್ನು ಕಾರಿನ ಡಿಕ್ಕಿಯಲ್ಲಿ ಮರೆಯಬಾರದು. ಕುವೈತ್‌ನ ಮಿತ್ರಿಬಾದಲ್ಲಿ 2016ರ ಜುಲೈ 21ರಂದು ನೆರಳಿನ ಉಷ್ಣತೆಯೇ 53.9 ಡಿಗ್ರಿ ಮುಟ್ಟಿತ್ತು. ಬಿಸಿಲಲ್ಲಿ ನಿಂತ ಕಾರಿನೊಳಗೆ ಇನ್ನೂ ಹೆಚ್ಚು. ಅರ್ಧ ಚಾರ್ಜ್ ಮಾಡಿ ಮನೆಯ ತಂಪು ಕೋಣೆಯಲ್ಲಿಟ್ಟು, ಮೂರು ತಿಂಗಳಿಗೊಮ್ಮೆ ನೋಡಿಕೊಂಡರೆ ಮುಂದಿನ ನವೆಂಬರಿಗೆ ಅದು ಸಿದ್ಧ. ರಜೆಗೆ ಊರಿಗೆ ಒಯ್ಯುವ ಯೋಚನೆಯಿದ್ದರೆ ವಿಮಾನದ ನಿಯಮ ನೆನಪಿರಬೇಕು. 100 ವ್ಯಾಟ್–ಅವರ್‌ವರೆಗಿನ ಪವರ್ ಬ್ಯಾಂಕ್ ಕೈಚೀಲದಲ್ಲಿ ಹೋಗಬಹುದು, 160ರವರೆಗೆ ವಿಮಾನ ಸಂಸ್ಥೆಯ ಒಪ್ಪಿಗೆ ಬೇಕು, ಅದಕ್ಕೂ ದೊಡ್ಡ ಪೆಟ್ಟಿಗೆಗೆ ಪ್ರಯಾಣಿಕರ ಸಾಮಾನಿನಲ್ಲಿ ಅವಕಾಶವಿಲ್ಲ. ಬ್ಯಾಟರಿಯಿಲ್ಲದ ಮಡಚುವ ಫಲಕಕ್ಕೆ ಈ ಕಟ್ಟಳೆ ತಾಗುವುದಿಲ್ಲ. ಕರಾವಳಿಯ ಆಟಿ ತಿಂಗಳ ದಟ್ಟ ಮೋಡದಡಿ ಅದೇ ಫಲಕ ಮರಳುಗಾಡಿನಲ್ಲಿ ಕೊಟ್ಟದ್ದರ ಕಾಲುಭಾಗ ಕೊಟ್ಟರೂ, ಮರ ಬಿದ್ದು ಕರೆಂಟ್ ಹೋದ ರಾತ್ರಿ ಎರಡು ದೀಪ ನಾಲ್ಕು ಗಂಟೆ ಉರಿಯುತ್ತವೆ, ಎರಡು ಮೊಬೈಲಿಗೂ ಚಾರ್ಜ್ ಸಿಗುತ್ತದೆ.