ಹಿಡಿದ ಚಿತ್ರಕ್ಕೆ ಹೆಸರಿಡುವುದು

ತಮ್ಮ ಮನೆಯಲ್ಲಿ ಕ್ಯಾಮೆರಾ ಇದ್ದೀತು. ಇಲ್ಲದಿದ್ದರೂ ಅದರ ಕೆಲಸ ಮಾಡುವ ಮೊಬೈಲು ಇದ್ದೇ ಇರುತ್ತದೆ. ಮಗಳ ಮದುವೆ, ಮೊಮ್ಮಗನ ನಾಮಕರಣ, ಊರ ತೇರು, ಎಲ್ಲವನ್ನೂ ಹಿಡಿದಿರುತ್ತೀರಿ. ಆದರೆ ಮನೆಗೆ ಬಂದ ನೆಂಟರು "ಹೋದ ವರುಷದ ತೇರನ್ನೊಮ್ಮೆ ತೋರಿಸಿ" ಎಂದರೆ ತೋರಿಸಬಲ್ಲಿರಾ? ಹುಡುಕುವಷ್ಟರಲ್ಲಿ ಅವರ ಮುಂದಿನ ಕಾಫಿ ಆರಿಹೋಗಿರುತ್ತದೆ. ಹಿಡಿಯುವುದು ಒಂದು ವಿದ್ಯೆ, ಹಿಡಿದದ್ದನ್ನು ಇಡುವುದು ಇನ್ನೊಂದು. ಈ ಎರಡನೆಯದನ್ನು ಕುರಿತು ನಾಲ್ಕು ಮಾತು ಹೇಳಬೇಕೆಂದಿದ್ದೇನೆ.

ಕನ್ನಡ ಪಾಠ ಹೇಳುವವನಿಗೆ ಈ ಯಂತ್ರದ ಗೊಡವೆ ಏಕೆ ಎನ್ನುವಿರೇನೋ. ಕೈ ಸುಟ್ಟುಕೊಂಡವನಾದ್ದರಿಂದ ಹೇಳುತ್ತೇನೆ. ಕೆಲವು ವರ್ಷಗಳ ಹಿಂದೆ ನಮ್ಮ ಎಮ್ಮಿಗನೂರಿನಲ್ಲಿ ಶಾಲೆಯ ಮಕ್ಕಳನ್ನು ಕಟ್ಟಿಕೊಂಡು ಹಾಡು ಹಿಡಿಯಲು ಹೊರಟೆ. ಒಬ್ಬ ಅಜ್ಜಿ ಬೀಸುವ ಕಲ್ಲಿನ ಮುಂದೆ ಕುಳಿತು ಮಧ್ಯಾಹ್ನವೆಲ್ಲ ಹಾಡಿದರು. ಅದೇ ಸಂಜೆ ಬಯಲಾಟದ ತಾಲೀಮನ್ನು ಅದೇ ಮಾದರಿಯ ಇನ್ನೊಂದು ಕ್ಯಾಮೆರಾದಲ್ಲಿ ಹಿಡಿದೆವು. ರಾತ್ರಿ ಎರಡು ಕಾರ್ಡುಗಳನ್ನೂ ಕಂಪ್ಯೂಟರಿನ ಒಂದೇ ಫೋಲ್ಡರಿಗೆ ಸುರಿದೆ. ಈ ಹೆಸರಿನ ಫೈಲು ಆಗಲೇ ಇದೆ, ಅದನ್ನು ತೆಗೆದು ಇದನ್ನಿಡಲೇ ಎಂದು ಯಂತ್ರ ಕೇಳಿತು. ನಿದ್ದೆಗಣ್ಣು, ಹೂಂ ಎಂದೆ. ಬೆಳಿಗ್ಗೆ ಕಾರ್ಡುಗಳನ್ನು ಅಳಿಸಿ ಮಕ್ಕಳಿಗೆ ಕೊಟ್ಟೆ. ಅವರು ಅಂದೇ ಅವುಗಳಲ್ಲಿ ಕಬಡ್ಡಿ ಪಂದ್ಯ ತುಂಬಿದರು.

ಅಜ್ಜಿಯ ಫೈಲುಗಳು ಒಂಬತ್ತು, ತಾಲೀಮಿನವು ಎಂಟು. ಎಂಟರ ಮೇಲೆ ಎಂಟು ಬಂದು ಕುಳಿತಿದ್ದವು. ಉಳಿದದ್ದು ಒಂಬತ್ತನೆಯದೊಂದೇ. ಅದರಲ್ಲಿ ಅಜ್ಜಿ ಹಾಡುವುದಿಲ್ಲ. "ಸಾಕು ಮಾಡ್ರಪ್ಪ, ಹೊಲದಿಂದ ಮಂದಿ ಬರೋ ಹೊತ್ತಾತು" ಎಂದು ಏಳುತ್ತಾರೆ. ಮಳೆಗಾಲ ಕಳೆಯಲಿ, ಮತ್ತೆ ಹಾಡಿಸೋಣವೆಂದು ನಾನು ಕಾದೆ. ಅಜ್ಜಿ ಕಾಯಲಿಲ್ಲ.

ದೋಷ ಯಂತ್ರದ್ದಲ್ಲ. ಬಹುಪಾಲು ಕ್ಯಾಮೆರಾಗಳು ಚಿತ್ರಕ್ಕೆ ಕೊಡುವ ಹೆಸರು ನಾಲ್ಕು ಅಕ್ಷರ, ನಾಲ್ಕು ಅಂಕಿ. 9999 ಮುಗಿದರೆ ಮತ್ತೆ 0001. ನಮ್ಮ ಕಡೆಯ ಊರೊಂದರಲ್ಲಿ ನಿಂತು "ಹುಲುಗಪ್ಪಾ" ಎಂದು ಕೂಗಿದರೆ ಹತ್ತು ಮಂದಿ ತಿರುಗಿ ನೋಡುತ್ತಾರೆ. ಮನೆತನದ ಹೆಸರು ಸೇರಿಸಿದರೇ ಗುರುತು.

ನಮ್ಮ ಹಿರಿಯರು ಇದನ್ನು ಬಲ್ಲವರಾಗಿದ್ದರು. ಓಲೆಗರಿಯ ಕಟ್ಟನ್ನು ನೋಡಿರಿ: ಗರಿಗೊಂದು ಅಂಕಿ, ನಡುವೆ ತೂತು, ತೂತಿನೊಳಗೆ ದಾರ, ಮೇಲೆ ಕೆಳಗೆ ಹಲಗೆ. ಕೊನೆಯ ಗರಿಯಲ್ಲಿ ಎಷ್ಟೋ ಲಿಪಿಕಾರರು ತಮ್ಮ ಹೆಸರು, ಸಂವತ್ಸರ, ತಿಥಿ ಬರೆದಿಟ್ಟರು. ದಾರ ಹರಿದು ಗರಿಗಳು ಕಲಸಿಹೋದ ಕಟ್ಟನ್ನು ಜೋಡಿಸಿ ನೋಡಿದವರಿಗೆ ಆ ಅಂಕಿಯ ಬೆಲೆ ಗೊತ್ತು.

ಹಾಗಾದರೆ ಮಾಡಬೇಕಾದುದೇನು? ಹಿಡಿದ ರಾತ್ರಿಯೇ ಒಂದು ಫೋಲ್ಡರು ಮಾಡಿ ವರ್ಷ, ತಿಂಗಳು, ದಿನ, ಊರು, ಸಂಗತಿ, ಈ ಕ್ರಮದಲ್ಲಿ ಹೆಸರಿಡಿ. ವರ್ಷ ಮೊದಲಿರಲಿ, ತಿಂಗಳನ್ನೂ ದಿನವನ್ನೂ ಎರಡೆರಡು ಅಂಕಿಗಳಲ್ಲಿ ಬರೆಯಿರಿ. ಆಗ ಫೋಲ್ಡರುಗಳು ತಾವಾಗಿಯೇ ಕಾಲಾನುಕ್ರಮದಲ್ಲಿ ನಿಲ್ಲುತ್ತವೆ. ಅದರೊಳಗೆ ಒಂದೊಂದು ಕಾರ್ಡಿಗೂ ಒಂದೊಂದು ಕೋಣೆ. ಕಾರ್ಡಿನಿಂದ ಚಿತ್ರಗಳನ್ನಷ್ಟೇ ಹೆಕ್ಕದೆ ಇಡಿಯಾಗಿ ಇಳಿಸಿಕೊಳ್ಳಿ. ಕೆಲವು ಕ್ಯಾಮೆರಾಗಳು ಚಿತ್ರದ ವಿವರವನ್ನು ಬೇರೆ ಸಣ್ಣ ಫೈಲುಗಳಲ್ಲಿ ಬರೆದಿಟ್ಟಿರುತ್ತವೆ. ಎರಡು ಕಡೆಯ ಎಣಿಕೆಯೂ ಗಾತ್ರವೂ ತಾಳೆಯಾಗಬೇಕು. ನಾಲ್ಕಾರನ್ನು ತೆರೆದು ನೋಡಿ, ಇನ್ನೊಂದು ಡಿಸ್ಕಿಗೂ ಪ್ರತಿ ಮಾಡಿ. ಕಾರ್ಡನ್ನು ಅಳಿಸುವ ಮಾತು ಆಮೇಲೆ.

ಕ್ಯಾಮೆರಾದ ಗಡಿಯಾರವನ್ನು ನಂಬಬೇಡಿ. ಬ್ಯಾಟರಿ ಪೂರ್ತಿ ಇಳಿದರೆ ಕೆಲವು ಕ್ಯಾಮೆರಾಗಳು ಯಾವುದೋ ಹಳೆಯ ವರ್ಷದ ಜನವರಿ 1ಕ್ಕೆ ಮರಳಿಬಿಡುತ್ತವೆ. ಮೊದಲ ಚಿತ್ರದಲ್ಲೇ ಊರು, ದಿನ, ಹಾಡುವವರ ಹೆಸರನ್ನು ಬಾಯಿಬಿಟ್ಟು ಹೇಳಿ ಒಮ್ಮೆ ಚಪ್ಪಾಳೆ ತಟ್ಟಿ. ಎರಡು ಕ್ಯಾಮೆರಾ ಇದ್ದಾಗ ಆ ಸದ್ದನ್ನು ಹಿಡಿದೇ ಎರಡನ್ನೂ ಹೊಂದಿಸಬಹುದು.

ಎಡಿಟಿಂಗಿಗೆ ಕೂರುವವರಿಗೆ ಇನ್ನೊಂದು ಮಾತು. ಎಡಿಟಿಂಗಿನ ತಂತ್ರಾಂಶಗಳು ಸಾಮಾನ್ಯವಾಗಿ ಚಿತ್ರವನ್ನು ತಮ್ಮೊಳಗೆ ಇಟ್ಟುಕೊಳ್ಳುವುದಿಲ್ಲ. ಅದು ಎಲ್ಲಿದೆ ಎಂಬುದನ್ನು ಮಾತ್ರ ಬರೆದುಕೊಳ್ಳುತ್ತವೆ, ಗ್ರಂಥಾಲಯದ ಪಟ್ಟಿಯ ಹಾಗೆ. ಬೀರುವಿನಿಂದ ಪುಸ್ತಕ ಸರಿಸಿದರೆ ಪಟ್ಟಿ ಏನು ಮಾಡೀತು? ಹೆಸರಿಡುವುದು, ಸ್ಥಳ ಬದಲಿಸುವುದು ಎಲ್ಲವೂ ಮೊದಲೇ ಮುಗಿದಿರಬೇಕು.

ಗಾತ್ರದ ಅಂದಾಜೂ ಇರಲಿ. ಸೆಕೆಂಡಿಗೆ 24 ಮೆಗಾಬಿಟ್ ಬರೆಯುವ ಕ್ಯಾಮೆರಾಕ್ಕೆ ಗಂಟೆಗೆ ಸುಮಾರು 11 ಜಿಬಿ ಬೇಕು. 100 ಮೆಗಾಬಿಟ್ಟಿನದಕ್ಕೆ 45. ಇದನ್ನು ಕೇಳಿ "ಕೆಲವನ್ನು ಅಳಿಸಿಬಿಡೋಣ" ಎನ್ನುವವರುಂಟು. ಗೋಡೆ, ನೆಲ, ಅಲುಗಾಡಿದ್ದು ಹೋಗಲಿ, ಮುಖವಿರುವುದನ್ನು ಅಳಿಸಬೇಡಿ.

1856ರಲ್ಲಿ ಅಲೆಕ್ಸಾಂಡರ್ ಗ್ರೀನ್‌ಲಾ ಎಂಬ ಸೈನ್ಯಾಧಿಕಾರಿ ನಮ್ಮ ನೆರೆಯ ಹಂಪಿಯನ್ನು ಮೇಣ ಹಚ್ಚಿದ ಕಾಗದದ ನೆಗೆಟಿವುಗಳಲ್ಲಿ ಹಿಡಿದ. ಅವು ಮತ್ತೆ ಬೆಳಕಿಗೆ ಬಂದದ್ದು 1980ರ ಹೊತ್ತಿಗೆ. 1983ರಲ್ಲಿ ಆಸ್ಟ್ರೇಲಿಯದ ಜಾನ್ ಗಾಲಿಂಗ್ಸ್ ಅವೇ ಎಡೆಗಳಲ್ಲಿ ನಿಂತು ಹೊಸದಾಗಿ ಚಿತ್ರ ತೆಗೆದರು. ಕಲ್ಲು ಕದಲದೆ ನಿಂತಿತ್ತು. ಚಿತ್ರ ಯಾವ ಎಡೆಯದೆಂದು ಹೋಗಿ ನೋಡಿ ಹೇಳಬಹುದಿತ್ತು. ಬೀಸುವ ಕಲ್ಲಿನ ಮುಂದಿನ ಮುಖಕ್ಕೆ ಆ ಭಾಗ್ಯವಿಲ್ಲ. ಐವತ್ತು ವರ್ಷದ ಮೇಲೆ ಅದು ಯಾರೆಂದು ಯಾರು ಹೇಳಬೇಕು?

ಈಗ ನಮ್ಮ ಮಕ್ಕಳ ಕೈಯಲ್ಲಿ ಒಂದು ನೋಟುಬುಕ್ಕು ಇರುತ್ತದೆ. ಕಾರ್ಡಿನ ಸಂಖ್ಯೆ, ಹಾಡಿದವರ ಹೆಸರು, ಹಾಡಿನ ಮೊದಲ ಸೊಲ್ಲು ಅಲ್ಲಿಯೇ ಬರೆಯುತ್ತಾರೆ. ಒಂದು ಪ್ರತಿ ಶಾಲೆಯಲ್ಲಿ, ಒಂದು ನನ್ನಲ್ಲಿ, ಮೂರನೆಯದು ಹೊಸಪೇಟೆಯಲ್ಲಿ ತಮ್ಮನ ಮನೆಯ ಬೀರುವಿನಲ್ಲಿ. ಆರು ತಿಂಗಳಿಗೊಮ್ಮೆ ಹೋಗಿ ಆ ಡಿಸ್ಕನ್ನು ಕಂಪ್ಯೂಟರಿಗೆ ಸಿಕ್ಕಿಸಿ ತೆರೆಯುತ್ತದೆಯೇ ಎಂದು ನೋಡುತ್ತೇನೆ. "ಭಾವನವರು ಬಂದದ್ದು ನಮ್ಮನ್ನು ನೋಡಲಿಕ್ಕೋ, ಆ ಡಬ್ಬಿ ನೋಡಲಿಕ್ಕೋ?" ಎಂದು ತಮ್ಮನ ಹೆಂಡತಿ ಒಳಗಿನಿಂದ ಕೇಳುತ್ತಾಳೆ.